ಟ್ಯಾಬ್‌ನಲ್ಲಿ ವಿಮಾನ: ಚಂದಾ ಕಟ್ಟುವ ಮುನ್ನ

ಯಶವಂತಪುರದ ಸುತ್ತಮುತ್ತ ಮನೆ ಮಾಡಿಕೊಂಡವರ ಮಕ್ಕಳು ಇವತ್ತಲ್ಲ ನಾಳೆ ಇದನ್ನು ಕೇಳಿಯೇ ಕೇಳುತ್ತಾರೆ: ‘ಅಪ್ಪಾ, ಟ್ಯಾಬ್‌ಗೆ ಫ್ಲೈಟ್ ಸಿಮ್ಯುಲೇಟರ್ ಹಾಕಿಸ್ಕೊಡು.’ ಕೇಳದೆ ಇನ್ನೇನು? ಈಶಾನ್ಯಕ್ಕೆ ಹೊರಟರೆ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ, ಅದರಾಚೆ ಯಲಹಂಕದ ವಾಯುನೆಲೆ, ಇನ್ನೂ ಮೇಲೆ ದೇವನಹಳ್ಳಿ. 2025ರ ಫೆಬ್ರುವರಿಯ ಏರೋ ಇಂಡಿಯಾದಲ್ಲಂತೂ ರಷ್ಯಾದ ಸುಖೋಯ್-57, ಅಮೆರಿಕದ ಎಫ್-35 ಎರಡೂ ಯಲಹಂಕಕ್ಕೆ ಬಂದಿಳಿದಿದ್ದವು. ಮಕ್ಕಳಷ್ಟೇ ಅಲ್ಲ, ಕಾರ್ಖಾನೆಯಲ್ಲಿ ಸರ್ವಿಸ್ ಮುಗಿಸಿ ಪಿಂಚಣಿ ಎಣಿಸುತ್ತಿರುವ ಹಿರಿಯರಿಗೂ ಈ ಹುಚ್ಚು ಹಿಡಿಯುವುದುಂಟು.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಒಳ್ಳೆಯ ಟ್ಯಾಬ್ ಈಗಾಗಲೇ ಇದ್ದರೆ ಒಂದು ತಿಂಗಳ ಚಂದಾ ಕಟ್ಟಿ ನೋಡಿ, ದುಡ್ಡು ದಂಡವಾಗುವುದಿಲ್ಲ. ಸಿಮ್ಯುಲೇಟರ್ ಸಲುವಾಗಿಯೇ ಟ್ಯಾಬ್ ಕೊಳ್ಳಹೊರಟಿದ್ದರೆ ಸ್ವಲ್ಪ ತಡೆಯಿರಿ. ಮಗನೋ ಮಗಳೋ ಪೈಲಟ್ ಆಗಬೇಕೆಂದು ನಿಜವಾಗಿ ಹೊರಟಿದ್ದರೆ ಆ ದುಡ್ಡಿಗೆ ಬೇರೆ ಖರ್ಚು ಮೊದಲು ಕಾದಿದೆ, ಅದು ಏನೆಂದು ಮುಂದೆ ಬರುತ್ತದೆ.

ಮೊದಲು ಮಾರುಕಟ್ಟೆಯಲ್ಲಿ ಏನಿದೆ ನೋಡೋಣ. ಟ್ಯಾಬ್‌ನಲ್ಲಿ ಹೆಸರು ಮಾಡಿರುವವು ನಾಲ್ಕು: ಎಕ್ಸ್-ಪ್ಲೇನ್, ಇನ್ಫಿನಿಟ್ ಫ್ಲೈಟ್, ಏರೋಫ್ಲೈ, ಮತ್ತು ಆರ್‌ಎಫ್‌ಎಸ್ ಎಂದು ಕರೆಯುವ ರಿಯಲ್ ಫ್ಲೈಟ್ ಸಿಮ್ಯುಲೇಟರ್. ಮೊದಲೆರಡರ ವ್ಯಾಪಾರ ಒಂದೇ ಬಗೆಯದು. ಆಪ್ ಪುಕ್ಕಟೆ ಇಳಿಯುತ್ತದೆ, ಒಂದೆರಡು ವಿಮಾನ, ವಿದೇಶದ ಕೆಲವು ಪ್ರದೇಶ ಸಿಗುತ್ತದೆ. ಇಡೀ ಭೂಮಂಡಲ ಬೇಕೆಂದರೆ ತಿಂಗಳಿಗೋ ವರ್ಷಕ್ಕೋ ಚಂದಾ. ಏರೋಫ್ಲೈ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವಂಥದ್ದು, ಆದರೆ ವರ್ಷದ ಸಂಖ್ಯೆ ಹೊತ್ತ ಹೊಸ ಆವೃತ್ತಿ ಬಂದಾಗ ಅದನ್ನು ಬೇರೆಯೇ ಆಪ್ ಎಂದು ಮತ್ತೆ ಮಾರುತ್ತಾರೆ. ಆರ್‌ಎಫ್‌ಎಸ್‌ನಲ್ಲಿ ಕೊಂಡಮೇಲೂ ಮೇಲಿಂದ ಚಂದಾ ಇದೆ.

ಇದರಲ್ಲೊಂದು ಮರ್ಮವಿದೆ. ನಮ್ಮ ಹುಡುಗ ಆಪ್ ಇಳಿಸಿಕೊಂಡ ತಕ್ಷಣ ಹುಡುಕುವುದು ಹವಾಯಿ ದ್ವೀಪವನ್ನಲ್ಲ, ತನ್ನ ಮನೆಯನ್ನು. ಆ ಮನೆ ಪುಕ್ಕಟೆ ಪಾಲಿನಲ್ಲಿ ಇರುವುದಿಲ್ಲ. ಬೆಂಗಳೂರು ಕಾಣಬೇಕೆಂದರೆ ಚಂದಾ ಕಟ್ಟಲೇಬೇಕು. ಕಟ್ಟಿದ ಮೇಲೂ ಯಶವಂತಪುರದ ರೈಲು ನಿಲ್ದಾಣ, ಎಪಿಎಂಸಿ ಯಾರ್ಡು ಗುರುತು ಸಿಗುವ ಹಾಗೆ ಕಂಡೀತೆಂದು ನಂಬಬೇಡಿ. ಕೆಲವು ಆಪ್‌ಗಳಲ್ಲಿ ಕಾಣುವುದು ಉಪಗ್ರಹ ಚಿತ್ರವನ್ನು ಹಾಸಿದ ನೆಲ, ಕೆಲವದರಲ್ಲಿ ಕಂಪ್ಯೂಟರ್ ತಾನೇ ಜೋಡಿಸಿದ ಮನೆಗಳ ಸಾಲು. ಮೇಲಿಂದ ಗುರುತು ಹಿಡಿಯಲು ಆಗುವುದು ಹೆಬ್ಬಾಳದ ಕೆರೆ, ಜಕ್ಕೂರಿನ ಕೆರೆ, ಭಾರತೀಯ ವಿಜ್ಞಾನ ಸಂಸ್ಥೆಯ ದಟ್ಟ ಹಸಿರು, ಪೀಣ್ಯದ ತಗಡಿನ ಚಾವಣಿಗಳು. ಪೈಲಟ್ ಕೂಡ ಇಂಥವನ್ನೇ ನೋಡಿ ದಾರಿ ಹಿಡಿಯುವುದರಿಂದ ಅದು ಕೊರತೆಯೇನೂ ಅಲ್ಲ, ಆದರೆ ಮಗುವಿಗೆ ಮೊದಲೇ ತಿಳಿಸಿ ಹೇಳಿದರೆ ಆಮೇಲಿನ ಮುಖ ಊದಿಸುವಿಕೆ ತಪ್ಪುತ್ತದೆ.

ಬರೀ ಮನೆ ನೋಡುವುದಷ್ಟೇ ಆಸೆಯಾದರೆ ದುಡ್ಡು ಬೇಡವೇ ಬೇಡ. ಜಿಯೋಎಫ್‌ಎಸ್ ಎಂಬುದು ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ, ಇಡೀ ಪ್ರಪಂಚದ ಉಪಗ್ರಹ ಚಿತ್ರದ ಮೇಲೆ ಪುಕ್ಕಟೆ ಹಾರಬಹುದು. ಚಿತ್ರ ಸ್ವಲ್ಪ ಮಸುಕು, ಅಷ್ಟೆ. ಕಂಪ್ಯೂಟರ್ ಇರುವವರಿಗೆ ಗೂಗಲ್ ಅರ್ಥ್‌ನೊಳಗೆ 2007ರಿಂದಲೂ ಒಂದು ಸಣ್ಣ ಸಿಮ್ಯುಲೇಟರ್ ಇದೆ.

ಹಾಗಾದರೆ ಚಂದಾ ಕಟ್ಟಿ ಪಡೆಯುವುದೇನು? ಇದನ್ನು ಅಳೆಯಲು ನಾನೊಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಆಪ್‌ನ ವಿಮಾನ ನಿಲ್ದಾಣಗಳ ಪಟ್ಟಿಯಲ್ಲಿ ನಾಲ್ಕಕ್ಷರದ ಸಂಕೇತ ಒತ್ತಿ ಹುಡುಕಿ. ವಿಒಬಿಎಲ್ ಎಂದರೆ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ, ವಿಒಬಿಜಿ ಎಂದರೆ ಹಳೆಯ ಎಚ್‌ಎಎಲ್ ನಿಲ್ದಾಣ, ವಿಒವೈಕೆ ಯಲಹಂಕ, ವಿಒಜೆಕೆ ಜಕ್ಕೂರು. ಮೊದಲೆರಡು ಎಲ್ಲರ ಬಳಿಯೂ ಸಿಗಬೇಕು. ಕೊನೆಯದು ಸಿಕ್ಕರೆ ಆ ಆಪ್ ಮಾಡಿದವರು ದೊಡ್ಡ ನಿಲ್ದಾಣಗಳ ಆಚೆಗೂ ಕಣ್ಣು ಹಾಯಿಸಿದ್ದಾರೆ ಎಂದು ಲೆಕ್ಕ. ದೇವನಹಳ್ಳಿಯ ಎರಡೂ ರನ್‌ವೇಗಳು 4,000 ಮೀಟರ್ ಉದ್ದ, ಜಕ್ಕೂರಿನದು ಸರಿಸುಮಾರು ಅದರ ಕಾಲುಭಾಗ. ಕಲಿಯುವವರಿಗೆ ದೇವನಹಳ್ಳಿ ದೊಡ್ಡ ಮನಸ್ಸಿನದು, ಎಲ್ಲಿ ಇಳಿಸಿದರೂ ಮುಂದೆ ಜಾಗ ಉಳಿದಿರುತ್ತದೆ. ಜಕ್ಕೂರು ತಪ್ಪನ್ನು ಅಲ್ಲೇ ತೋರಿಸುತ್ತದೆ.

ಸೆಸ್ನಾ 172 ಆರಿಸಿಕೊಳ್ಳಿ, ನಾಲ್ಕು ಸೀಟಿನ ಈ ಒಂಟಿ ಎಂಜಿನ್ ವಿಮಾನ ಹೆಚ್ಚುಕಡಿಮೆ ಎಲ್ಲ ಸಿಮ್ಯುಲೇಟರುಗಳಲ್ಲೂ ಇದೆ. ಜಕ್ಕೂರಿನ ರನ್‌ವೇ 08ರ ತುದಿಯಲ್ಲಿ ನಿಲ್ಲಿಸಿ. 08 ಅಂದರೆ ಮೂಗು ದಿಕ್ಸೂಚಿಯ 080 ಡಿಗ್ರಿಯತ್ತ, ಪೂರ್ವಕ್ಕೆ ಕೊಂಚ ಎಡಕ್ಕೆ. ಈಗ ಎತ್ತರ ತೋರಿಸುವ ಆಲ್ಟಿಮೀಟರ್ ನೋಡಿ. ಚಕ್ರ ನೆಲ ಬಿಟ್ಟಿಲ್ಲ, ಮುಳ್ಳು ಆಗಲೇ 3,000 ಅಡಿಯ ಹತ್ತಿರ ನಿಂತಿದೆ. ಬೆಂಗಳೂರು ಇರುವುದೇ ಸಮುದ್ರಮಟ್ಟದಿಂದ ಅಷ್ಟು ಮೇಲೆ. ಪಾಠದ ಪುಸ್ತಕದಲ್ಲಿ ‘500 ಅಡಿಯಲ್ಲಿ ತಿರುಗು’ ಎಂದಿದ್ದರೆ ಇಲ್ಲಿ ಅದು 3,500. ‘ಸಾವಿರ ಅಡಿಯಲ್ಲಿ ಸಮನಾಗಿ ಹಾರು’ ಎಂದರೆ 4,000. ಈ ಕೂಡುವ ಲೆಕ್ಕ ಬೆರಳ ತುದಿಗೆ ಬಂದ ಹುಡುಗನಿಗೆ ಆಲ್ಟಿಮೀಟರ್ ಅರ್ಥವಾಯಿತು ಎಂದೇ ಅರ್ಥ.

ಥ್ರಾಟಲ್ ಪೂರ್ತಿ ಮೇಲಕ್ಕೆ. 55 ನಾಟ್ ಬಂದಾಗ ಟ್ಯಾಬನ್ನು ಮೆಲ್ಲಗೆ ನಿಮ್ಮ ಕಡೆ ವಾಲಿಸಿ, 75ರ ಆಸುಪಾಸಿನಲ್ಲಿ ಮೇಲೇರಿ. 3,500ಕ್ಕೆ ಎಡಕ್ಕೆ ತಿರುಗಿ 350 ಡಿಗ್ರಿ ಹಿಡಿಯಿರಿ. 4,000ಕ್ಕೆ ಸಮಮಾಡಿ, ಎಂಜಿನ್ ವೇಗ ತಗ್ಗಿಸಿ, ಮತ್ತೆ ಎಡಕ್ಕೆ 260. ಈಗ ರನ್‌ವೇ ನಿಮ್ಮ ಎಡಗಡೆ ಸಮಾನಾಂತರವಾಗಿ ಹಿಂದಕ್ಕೆ ಸರಿಯುತ್ತಿರುತ್ತದೆ. ಹೊರಟ ತುದಿ ರೆಕ್ಕೆಯ ನೇರಕ್ಕೆ ಬಂದಾಗ ಶಕ್ತಿ ಇಳಿಸಿ, ರೆಕ್ಕೆಯ ಹಿಂಬದಿಯಿಂದ ಕೆಳಗಿಳಿಯುವ ಫ್ಲ್ಯಾಪ್ ಮೊದಲ ಹಂತಕ್ಕೆ ಬಿಡಿ. ಆಮೇಲೆ 170, ಇನ್ನಷ್ಟು ಫ್ಲ್ಯಾಪ್. ಕೊನೆಗೆ 080, ವೇಗ 65. ಇಳಿಯುವ ವೇಗಕ್ಕೊಂದು ಬಾಯಿಲೆಕ್ಕ ಇದೆ: ನೆಲದ ಮೇಲಿನ ನಾಟ್ ವೇಗವನ್ನು ಐದರಿಂದ ಗುಣಿಸಿ. 65 ನಾಟ್‌ಗೆ ನಿಮಿಷಕ್ಕೆ ಸುಮಾರು 325 ಅಡಿ. ಅಷ್ಟನ್ನು ಹಿಡಿದರೆ ಮೂರು ಡಿಗ್ರಿಯ ಇಳಿಜಾರಿನಲ್ಲಿ ಬರುತ್ತೀರಿ, ಪ್ರಯಾಣಿಕ ವಿಮಾನಗಳೂ ಇಳಿಯುವುದು ಸಾಮಾನ್ಯವಾಗಿ ಇದೇ ಇಳಿಜಾರಿನಲ್ಲಿ.

ಈ ಒಂದು ಸುತ್ತಿಗೆ ವಿಮಾನಶಾಲೆಯಲ್ಲಿ ಸರ್ಕ್ಯೂಟ್ ಎನ್ನುತ್ತಾರೆ. ಟ್ಯಾಬ್‌ನಲ್ಲಿ ಇದನ್ನು ಆಟೋಪೈಲಟ್ ಇಲ್ಲದೆ, ಎತ್ತರ ನೂರಡಿ ಆಚೀಚೆ ಹೋಗದಂತೆ ಮುಗಿಸುವಷ್ಟರಲ್ಲಿ ವೇಗ, ಎತ್ತರ, ದಿಕ್ಕು ಮೂರರ ಮೇಲೂ ಸುತ್ತುತ್ತ ಕಣ್ಣಾಡಿಸುವ ಅಭ್ಯಾಸ ಬಂದಿರುತ್ತದೆ. ಚಂದಾದ ದುಡ್ಡಿಗೆ ಸಿಗುವ ನಿಜವಾದ ಮಾಲು ಇದು. ಮುನ್ನೂರು ಜನರ ಬೋಯಿಂಗ್ ಎಬ್ಬಿಸಿ, ಆಟೋಪೈಲಟ್‌ಗೆ ಒಪ್ಪಿಸಿ, ಊಟ ಮಾಡಿ ಬಂದು ದುಬೈಯಲ್ಲಿ ಇಳಿಸುವುದರಲ್ಲಿ ಖುಷಿ ಇದೆ, ಕಲಿಕೆ ಕಡಿಮೆ. ಯುದ್ಧವಿಮಾನದ ಆಪ್‌ಗಳನ್ನಂತೂ ನಾನು ಈ ಲೆಕ್ಕಕ್ಕೇ ಸೇರಿಸುವುದಿಲ್ಲ.

ಆಪ್‌ನ ಒಳಗೆ ಭೌತಶಾಸ್ತ್ರ ಇದೆಯೇ, ಬರೀ ಚಿತ್ರವೇ ಎಂದು ತಿಳಿಯಲು ಬೆಂಗಳೂರಿನ ಬೇಸಿಗೆಯೇ ಸಾಕು. ತಾಪಮಾನ ಬದಲಿಸಲು ಬಿಡುವ ಆಪ್ ಆದರೆ 34 ಡಿಗ್ರಿ ಇಟ್ಟು ಜಕ್ಕೂರಿನಿಂದ ಏರಿ, ಮೇಲೇರುವ ದರ ಬರೆದಿಟ್ಟುಕೊಳ್ಳಿ. ಆಮೇಲೆ ಸಮುದ್ರದ ಪಕ್ಕದ ಚೆನ್ನೈಗೆ ಹೋಗಿ, 15 ಡಿಗ್ರಿ ಇಟ್ಟು ಅದೇ ವಿಮಾನ ಏರಿಸಿ. ಚೆನ್ನೈಗೆ 15 ಡಿಗ್ರಿ ಯಾವ ಕಾಲಕ್ಕೆ ಬಂದೀತೋ, ಪರೀಕ್ಷೆಗೆ ಅದು ಬೇಕು. ಬಿಸಿಗಾಳಿ ತೆಳು, ಎತ್ತರದ ಗಾಳಿ ಇನ್ನೂ ತೆಳು. 3,000 ಅಡಿಯಲ್ಲಿ ಪ್ರಮಾಣಿತ ತಾಪ 9 ಡಿಗ್ರಿ. ಅದಕ್ಕಿಂತ ಪ್ರತಿ ಡಿಗ್ರಿ ಹೆಚ್ಚಾದಂತೆ ವಿಮಾನಕ್ಕೆ ತಾನು ಸುಮಾರು 120 ಅಡಿ ಮೇಲಿದ್ದಂತೆ ಅನ್ನಿಸುತ್ತದೆ. ಏಪ್ರಿಲ್ ಮಧ್ಯಾಹ್ನ ಜಕ್ಕೂರಿನ ರನ್‌ವೇ ಮೇಲೆ ನಿಂತ ಸೆಸ್ನಾ 6,000 ಅಡಿ ಎತ್ತರದಲ್ಲಿರುವ ಹಾಗೆ ಏದುಸಿರು ಬಿಡುತ್ತದೆ, ಓಟ ಉದ್ದವಾಗುತ್ತದೆ, ಏರಿಕೆ ಮಂದವಾಗುತ್ತದೆ. ಆಪ್‌ನಲ್ಲಿ ಎರಡೂ ಕಡೆ ಒಂದೇ ಅಂಕಿ ಬಂದರೆ ಆ ಆಪ್‌ಗೆ ವರ್ಷದ ಚಂದಾ ಕಟ್ಟಬೇಡಿ.

ಇನ್ನೊಂದು ಒಳ್ಳೆಯ ಪಾಠ ನಂದಿಬೆಟ್ಟ. ಜಕ್ಕೂರಿನಿಂದ ಉತ್ತರಕ್ಕೆ ಹೊರಟು, ಆಟೋಪೈಲಟ್, ನಕ್ಷೆ ಎರಡನ್ನೂ ಮುಚ್ಚಿ, ಕೆರೆಗಳನ್ನೂ ಬಳ್ಳಾರಿ ರಸ್ತೆಯನ್ನೂ ನೋಡಿಕೊಂಡೇ ಬೆಟ್ಟ ಹುಡುಕುವುದು. ಬೆಟ್ಟ 1,478 ಮೀಟರ್, ಅಂದರೆ 4,850 ಅಡಿ. ಸರ್ಕ್ಯೂಟ್ ಎತ್ತರವಾದ 4,000ದಲ್ಲೇ ನಿಶ್ಚಿಂತೆಯಿಂದ ಹೊರಟವರು ಬಂಡೆಗೆ ನೇರ ಎದುರಾಗುತ್ತಾರೆ. ನಕ್ಷೆಯ ಮೇಲಿನ ಎತ್ತರದ ಅಂಕಿಯನ್ನು ಹೊರಡುವ ಮುಂಚೆ ಓದಬೇಕು ಎಂದು ನೂರು ಸಲ ಹೇಳುವುದಕ್ಕಿಂತ ಇದು ಬೇಗ ನಾಟುತ್ತದೆ.

ಟ್ಯಾಬ್ ಕಲಿಸದೇ ಇರುವುದು ಕೈಗೆ, ಕಾಲಿಗೆ ಸಂಬಂಧಿಸಿದ್ದು. ನಿಜವಾದ ಸೆಸ್ನಾದಲ್ಲಿ ಪೈಲಟ್‌ನ ಬಲಮೊಣಕಾಲಿನ ಹತ್ತಿರ ಅಂಚಿಗೆ ಗೀರು ಹಾಕಿದ ಒಂದು ಚಕ್ರವಿದೆ, ಟ್ರಿಮ್ ಚಕ್ರ. ವೇಗ ಬದಲಾದಾಗಲೆಲ್ಲ ಕೈಯಲ್ಲಿರುವ ಯೋಕ್ ಹಿಂದಕ್ಕೋ ಮುಂದಕ್ಕೋ ಜಗ್ಗುತ್ತದೆ. ಆ ಜಗ್ಗುವಿಕೆಯನ್ನು ಅಂಗೈ ಗಮನಿಸಿ, ಇನ್ನೊಂದು ಕೈ ಚಕ್ರವನ್ನು ಒಂದಿಷ್ಟೇ ತಿರುವಿ ಅದನ್ನು ಸೊನ್ನೆಗೆ ತರುತ್ತದೆ. ಹಾರಲು ಕಲಿಯುವವರ ಮೊದಲ ಗಂಟೆಗಳ ಬಹುಪಾಲು ಇದೇ. ಗಾಜಿನ ಪರದೆ ಯಾವ ಕಡೆಗೂ ಜಗ್ಗುವುದಿಲ್ಲ, ಹಾಗಾಗಿ ಟ್ರಿಮ್ ಎನ್ನುವುದು ಅಲ್ಲಿ ಬರೀ ಒಂದು ಗುಂಡಿ. ಕಾಲಿನ ರಡ್ಡರ್ ಕಥೆಯೂ ಅಷ್ಟೆ. ಪೂರ್ತಿ ಶಕ್ತಿ ಕೊಟ್ಟಾಗ ಒಂಟಿ ಪ್ರೊಪೆಲ್ಲರ್ ವಿಮಾನದ ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲು ಒತ್ತಿ ಹಿಡಿಯಬೇಕು. ಟ್ಯಾಬ್‌ನಲ್ಲಿ ಇದನ್ನು ಆಪ್ ತಾನೇ ಸರಿಪಡಿಸುತ್ತದೆ, ಇಲ್ಲವೇ ಬೆರಳಲ್ಲಿ ಎಳೆಯುವ ಪಟ್ಟಿಯೊಂದನ್ನು ಕೊಡುತ್ತದೆ. ಕತ್ತು ತಿರುಗಿಸಿ ಎಡ ಕಿಟಕಿಯಲ್ಲಿ ರನ್‌ವೇ ಎಲ್ಲಿದೆ ಎಂದು ನೋಡುವುದೂ ಇಲ್ಲಿ ಪರದೆ ಸವರುವ ಕೆಲಸ. ಇದರಿಂದ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ: ಹೊರಗೆ ನೋಡಬೇಕಾದಾಗಲೂ ಕಣ್ಣು ಮೀಟರುಗಳ ಮೇಲೆಯೇ ಇರುವುದು. ಹೊರಗೆ ಹಾರುವಾಗ ಬೇರೆ ವಿಮಾನ ಕಾಣಬೇಕಾದದ್ದು ಕಿಟಕಿಯಲ್ಲಿ.

ಆದರೂ ಆಟಿಕೆ ಎಂದು ಇದನ್ನು ತಳ್ಳಿಹಾಕುವವರಿಗೆ ಎಡ್ವಿನ್ ಲಿಂಕ್ ನೆನಪಾಗಬೇಕು. ಅಮೆರಿಕದ ಈತ ಅಪ್ಪನ ಆರ್ಗನ್ ವಾದ್ಯದ ಕಾರ್ಖಾನೆಯ ತಿದಿಗಳನ್ನೇ ಬಳಸಿ 1929ರ ಹೊತ್ತಿಗೆ ಅಲುಗಾಡುವ ಹಾರಾಟದ ಪೆಟ್ಟಿಗೆ ಮಾಡಿದ. ಅದು ಮೊದಲು ಮಾರಾಟವಾದದ್ದು ಮನರಂಜನಾ ಪಾರ್ಕುಗಳಿಗೆ. 1934ರಲ್ಲಿ ಅಂಚೆ ಸಾಗಿಸಹೊರಟ ಸೇನೆಯ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಸಾಲುಸಾಲಾಗಿ ಸತ್ತಾಗ ಅದೇ ಪೆಟ್ಟಿಗೆಯನ್ನು ಸೇನೆ ಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಪೈಲಟ್‌ಗಳು ಅದರಲ್ಲಿ ಕಲಿತರು. ಅವರು ಅಲ್ಲಿ ಕಲಿತದ್ದು ಹೊರಗೆ ಏನೂ ಕಾಣದಾಗ ಮೀಟರು ನೋಡಿ ಹಾರುವುದನ್ನು. ಇವತ್ತಿಗೂ ಅಗ್ಗದ ಸಿಮ್ಯುಲೇಟರ್ ಚೆನ್ನಾಗಿ ಕಲಿಸುವುದು ಅದನ್ನೇ. ಅಮೆರಿಕದ ವಾಯುಯಾನ ಆಡಳಿತ 1997ರಲ್ಲಿ ಪರ್ಸನಲ್ ಕಂಪ್ಯೂಟರ್ ಆಧಾರಿತ ಸಾಧನದಲ್ಲಿ ಕಳೆದ ಹತ್ತು ಗಂಟೆಗಳವರೆಗೆ ಮಾನ್ಯತೆ ಕೊಟ್ಟಿತು, ಅದೂ ಇನ್‌ಸ್ಟ್ರುಮೆಂಟ್ ತರಬೇತಿಗೆ ಮಾತ್ರ, ಕೈಯಲ್ಲಿ ಹಿಡಿಯುವ ನಿಜವಾದ ಕಂಟ್ರೋಲ್‌ಗಳಿದ್ದರೆ ಮಾತ್ರ.

ನಮ್ಮಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎ ಕಣ್ಣಿಗೆ ಟ್ಯಾಬ್‌ನ ಗಂಟೆಗಳು ಸೊನ್ನೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಿರಬೇಕು. ಮಾನ್ಯತೆ ಪಡೆದ ಸಿಮ್ಯುಲೇಟರಿನ ಗಂಟೆಗಳಿಗೂ ಅದರಲ್ಲಿ ಸಿಗುವ ಪಾಲು ಸಣ್ಣದು. ‘ಐನೂರು ಗಂಟೆ ಟ್ಯಾಬ್‌ನಲ್ಲಿ ಹಾರಿದ್ದಾನೆ’ ಎಂದು ವಿಮಾನಶಾಲೆಯ ಕಚೇರಿಯಲ್ಲಿ ಹೇಳಿದರೆ ಅಲ್ಲಿನವರು ಮುಗುಳ್ನಗಬಹುದು, ಶುಲ್ಕ ಇಳಿಸುವುದಿಲ್ಲ.

ಪೈಲಟ್ ಆಗಲು ನಿಜಕ್ಕೂ ಹೊರಟವರ ಮೊದಲ ಖರ್ಚು ವೈದ್ಯಕೀಯ ತಪಾಸಣೆ. ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರ ಬಳಿ ಕ್ಲಾಸ್ 2 ಪರೀಕ್ಷೆ ಮಾಡಿಸಿ. ಬಣ್ಣ ಗುರುತಿಸುವುದರಲ್ಲಿ, ಕಿವಿಯಲ್ಲಿ, ಹೃದಯದಲ್ಲಿ ತೊಂದರೆ ಇದ್ದರೆ ಆಗಲೇ ತಿಳಿಯುತ್ತದೆ. ಮುಂದಿನ ಕ್ಲಾಸ್ 1 ತಪಾಸಣೆ ನಡೆಸುವ ಕೆಲವೇ ಕೇಂದ್ರಗಳಲ್ಲಿ ಒಂದು, ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್, ನಮ್ಮ ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲೇ ಇದೆ. ದುಬಾರಿ ಟ್ಯಾಬ್ ಕೊಂಡು, ಎರಡು ವರ್ಷ ಕನಸು ಬೆಳೆಸಿ, ಆಮೇಲೆ ಕಣ್ಣಿನ ಪರೀಕ್ಷೆಯಲ್ಲಿ ಅದು ಒಡೆಯುವುದು ಮನೆಯವರೆಲ್ಲರಿಗೂ ಕಷ್ಟ.

ಎರಡನೆಯ ಖರ್ಚು ಪುಸ್ತಕ. ಏರ್ ನ್ಯಾವಿಗೇಷನ್, ಹವಾಮಾನ, ವಾಯು ನಿಯಮ, ತಾಂತ್ರಿಕ ವಿಷಯ ಹೀಗೆ ಡಿಜಿಸಿಎ ಪರೀಕ್ಷೆಗಳಿವೆ, ಪಾಸಾಗಲು ನೂರಕ್ಕೆ 70 ಬೇಕು. ಇಲ್ಲಿ ಟ್ಯಾಬ್ ಒಳ್ಳೆಯ ಜೊತೆಗಾರ. ಅಡ್ಡಗಾಳಿ ಬೀಸುವಾಗ ಮೂಗನ್ನು ಎಷ್ಟು ಡಿಗ್ರಿ ಗಾಳಿಯತ್ತ ತಿರುಗಿಸಿ ಹಿಡಿಯಬೇಕೆಂದು ಕಾಗದದ ಮೇಲೆ ಲೆಕ್ಕ ಮಾಡಿ, ಅದೇ ಗಾಳಿಯನ್ನು ಆಪ್‌ನಲ್ಲಿ ಇಟ್ಟು ಹಾರಿದರೆ ಲೆಕ್ಕ ಸರಿಯೋ ತಪ್ಪೋ ಅರ್ಧ ಗಂಟೆಯಲ್ಲಿ ಕಾಣುತ್ತದೆ. ರನ್‌ವೇ ಕಾಣದಾಗಲೂ ಇಳಿಯುವ ದಾರಿ ತೋರಿಸುವ ರೇಡಿಯೋ ವ್ಯವಸ್ಥೆ ಐಎಲ್‌ಎಸ್‌ನ ಅಡ್ಡ ಉದ್ದದ ಎರಡು ಗೆರೆಗಳು ಏನು ಹೇಳುತ್ತವೆ ಎನ್ನುವುದೂ ಹಾಗೆಯೇ. ಡಿಸೆಂಬರ್ ಬೆಳಗಿನ ದೇವನಹಳ್ಳಿ ಮಂಜನ್ನು ಆಪ್‌ನಲ್ಲಿ ಎಬ್ಬಿಸಿ, ರನ್‌ವೇ ಕಾಣದೆ ಆ ಗೆರೆಗಳನ್ನೇ ನಂಬಿ 200 ಅಡಿ ಎತ್ತರದವರೆಗೆ ಇಳಿದು ನೋಡಿ. ಆ ಎತ್ತರದಲ್ಲೂ ರನ್‌ವೇ ಕಾಣದಿದ್ದರೆ ಥ್ರಾಟಲ್ ಕೊಟ್ಟು ಮತ್ತೆ ಮೇಲೇರುವುದು, ಅದನ್ನೂ ಅಭ್ಯಾಸ ಮಾಡಬೇಕು.

ಈಗ ಯಂತ್ರದ ಮಾತು. ಎಂಟು ಇಂಚಿನ ಪರದೆಯಲ್ಲಿ ಆಲ್ಟಿಮೀಟರ್ ಓದಲು ಕನ್ನಡಕದವರಿಗೆ ಆಗದು, ಹತ್ತು ಹನ್ನೊಂದು ಇಂಚು ಬೇಕು. ಅಗ್ಗದ ಟ್ಯಾಬ್‌ಗಳು ಕಾಲು ಗಂಟೆಯಲ್ಲಿ ಬಿಸಿಯಾಗಿ ಚಿತ್ರ ತೊದಲಲು ಶುರುವಾಗುತ್ತದೆ, ಅದು ಆಗುವುದು ಸರಿಯಾಗಿ ಇಳಿಯುವ ಹೊತ್ತಿಗೆ. ಹಳೆಯ ಟ್ಯಾಬ್ ಕೊಳ್ಳುವುದಾದರೆ ಅಂಗಡಿಯಲ್ಲೇ ಪುಕ್ಕಟೆ ಆವೃತ್ತಿ ಇಳಿಸಿ ಇಪ್ಪತ್ತು ನಿಮಿಷ ಹಾರಿಸಿ ನೋಡಿ. ವಾಲಿಸಿದಾಗ ವಿಮಾನ ತಡವಾಗಿ ತಿರುಗಿದರೆ ಬೇಡ. ಕೂತುಕೊಳ್ಳುವ ಭಂಗಿಯೂ ಮುಖ್ಯ: ಮೊಣಕೈ ಎರಡನ್ನೂ ಮೇಜಿನ ಮೇಲೆ ಊರಿ, ಟ್ಯಾಬನ್ನು ಓದುವ ಕೋನದಲ್ಲಿ ಹಿಡಿದು, ಆ ಸ್ಥಿತಿಯನ್ನೇ ಸಮಸ್ಥಿತಿ ಎಂದು ಆಪ್‌ಗೆ ತಿಳಿಸುವ ಗುಂಡಿ ಒತ್ತಿ. ಹಾಸಿಗೆಯಲ್ಲಿ ಮಲಗಿಕೊಂಡು ಹಾರಿದರೆ ಕುತ್ತಿಗೆ ನೋವು ಮಾತ್ರ ಲಾಭ. ನೆಲದ ಚಿತ್ರ ಇಂಟರ್‌ನೆಟ್‌ನಿಂದ ಇಳಿಯುತ್ತಲೇ ಇರುವುದರಿಂದ ವೈ-ಫೈ ಇಲ್ಲದೆ ಹೊರಡಬೇಡಿ.

ಟ್ಯಾಬ್‌ಗೆಂದು ತೆಗೆದಿಟ್ಟ ಹಣ ಕೈಯಲ್ಲಿದ್ದರೆ ನನ್ನ ಸಲಹೆ ಬೇರೆ. ಯಶವಂತಪುರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿಯಿರಿ, ಎಸ್‌ಪಿ ರೋಡ್ ಅಲ್ಲಿಂದ ನಡೆದು ಹೋಗುವಷ್ಟು ದೂರ. ಗ್ರಾಫಿಕ್ಸ್ ಕಾರ್ಡ್ ಇರುವ ಹಳೆಯ ಡೆಸ್ಕ್‌ಟಾಪ್, ಜೊತೆಗೊಂದು ಸಾದಾ ಜಾಯ್‌ಸ್ಟಿಕ್ ಕೊಂಡರೆ ಫ್ಲೈಟ್‌ಗಿಯರ್ ಎಂಬ ಪೂರ್ತಿ ಸಿಮ್ಯುಲೇಟರ್ ಪುಕ್ಕಟೆ ಸಿಗುತ್ತದೆ. ಅದರ ಮುಖ ಟ್ಯಾಬ್ ಆಪ್‌ಗಳಷ್ಟು ಚೆಂದವಿಲ್ಲ, ಶುರುಮಾಡಿಕೊಳ್ಳಲು ತಾಳ್ಮೆ ಬೇಕು, ಆದರೆ ಕೈಗೆ ಹಿಡಿಯಲು ಒಂದು ಕೋಲಾದರೂ ಇರುತ್ತದೆ. ಟ್ಯಾಬ್‌ಗೇ ಜಾಯ್‌ಸ್ಟಿಕ್ ಜೋಡಿಸುವ ಯೋಚನೆ ಇದ್ದರೆ ನಿಮ್ಮ ಆಪ್, ನಿಮ್ಮ ಟ್ಯಾಬ್ ಎರಡೂ ಅದನ್ನು ಒಪ್ಪುತ್ತವೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳಿ.

ಮಗುವಿನ ಆಸೆ ಎಷ್ಟು ಗಟ್ಟಿ ಎಂದು ತಿಳಿಯಲು ಒಂದೆರಡು ಭಾನುವಾರ ಹೊರಗೆ ಕರೆದುಕೊಂಡು ಹೋಗುವುದೂ ಒಳ್ಳೆಯದು. 2001ರಲ್ಲಿ ಶುರುವಾದ ಎಚ್‌ಎಎಲ್ ಪಾರಂಪರಿಕ ಕೇಂದ್ರದಲ್ಲಿ ನಿಜವಾದ ವಿಮಾನಗಳೇ ನಿಂತಿವೆ, ಮಾದರಿ ನಿಯಂತ್ರಣ ಗೋಪುರವಿದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ರೈಟ್ ಸೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ನೋಡಬಹುದು. ಇನ್ನು ಯಶವಂತಪುರಕ್ಕೆ ತೀರ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ 1942ರಿಂದ ಇದೆ. ವರ್ಷಕ್ಕೊಮ್ಮೆ ಬರುವ ಮುಕ್ತ ದಿನದಂದು ಒಳಗೆ ಎಲ್ಲರಿಗೂ ಪ್ರವೇಶ. ರೆಕ್ಕೆ ಯಾಕೆ ಎತ್ತುತ್ತದೆ ಎಂದು ನಾವು ಉತ್ತರಿಸಲಾಗದ ಪ್ರಶ್ನೆಯನ್ನು ಅಲ್ಲಿನ ವಿದ್ಯಾರ್ಥಿಗಳಿಗೇ ಕೇಳಿಸಬಹುದು.

ಕೊನೆಗೆ ದುಡ್ಡು ಕಟ್ಟುವ ಬಗೆ. ಮೊದಲು ಪುಕ್ಕಟೆ ಪಾಲಿನಲ್ಲೇ ಸರ್ಕ್ಯೂಟ್ ಕಲಿಯಲಿ, ಊರು ಯಾವುದಾದರೇನು. ಅದು ಬಂದ ಮೇಲೆ ಒಂದು ತಿಂಗಳ ಚಂದಾ. ವರ್ಷದ್ದು ಅಗ್ಗ ಎಂದು ಆಪ್ ತೋರಿಸುತ್ತದೆ, ತಿಂಗಳಿಗೆ ಇಷ್ಟೇ ಎಂದು ಭಾಗಿಸಿ ಬೇರೆ ಹೇಳುತ್ತದೆ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೇಲೆ ಹಾರುವವರು ಕಡಿಮೆ ಎಂದು ನೆನಪಿಡಿ. ಮಗುವಿನ ಕೈಯಲ್ಲಿರುವ ಟ್ಯಾಬ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ, ಅಥವಾ ಅಪ್ಪ ಅಮ್ಮನ ಫೋನಿಗೆ ಅನುಮತಿ ಕೋರಿಕೆ ಬರುವಂತೆ ಮಾಡಿಡಿ. ಚಂದಾ ತಾನಾಗಿ ಮುಂದುವರಿಯುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಹಣ ಕಡಿತವಾಗುವ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು, ಆ ಎಸ್‌ಎಂಎಸ್ ಅನ್ನು ಜಾಹೀರಾತೆಂದು ಅಳಿಸಬೇಡಿ. ಸಾಕೆನಿಸಿದಾಗ ಆಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ಅಥವಾ ಆಪ್ ಸ್ಟೋರ್‌ನ ನಿಮ್ಮ ಖಾತೆಗೆ ಹೋಗಿ, ಚಂದಾ ಪಟ್ಟಿಯಲ್ಲಿ ಅದನ್ನು ರದ್ದು ಮಾಡಬೇಕು. ಕಟ್ಟಿದ ದಿನವೇ ರದ್ದು ಮಾಡಿಟ್ಟರೂ ಸಾಮಾನ್ಯವಾಗಿ ಆ ತಿಂಗಳು ಮುಗಿಯುವ ತನಕ ಹಾರಬಹುದು.